‘ಇಷ್ಟೇ ಹೇಳಬಲ್ಲೆ’ ಎನ್ನುವ ವಿಜ್ಞಾನಿ

ಪಿಯುಸಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ನೀಟ್ ಕೈಕೊಟ್ಟಿತು, ಬಿಎಸ್ಸಿ ಸೇರಿಸಬೇಕು, ಮಗಳು ಫೊರೆನ್ಸಿಕ್ ಅಂತ ಪಟ್ಟು ಹಿಡಿದು ಕೂತಿದ್ದಾಳೆ. ದಾವಣಗೆರೆಯ ಪಿ.ಜೆ. ಬಡಾವಣೆಯ ತಂದೆಯೊಬ್ಬರು ಕೇಳುತ್ತಾರೆ: ‘ಅದಕ್ಕೆ ಸ್ಕೋಪ್ ಐತೇನ್ರೀ ಸಾರ್?’ ಹರಿಹರದ ತಾಯಿಯೊಬ್ಬರ ಆತಂಕ ಬೇರೆ: ‘ಹೆಣ ಕೊಯ್ಯೋ ಕೆಲಸ ಅಲ್ಲ ಹೌದಲ್ರೀ?’ ಮಕ್ಕಳು ಬರೆದರೆ ಪ್ರಶ್ನೆ ಇನ್ನೂ ದೂರ ಹೋಗುತ್ತದೆ. ಇದನ್ನು ಓದಿ ದೇಶದ ಭದ್ರತೆಗೆ ಕೆಲಸ ಮಾಡಬಹುದಾ, ಡಿಆರ್‌ಡಿಒ ಸೇರಬಹುದಾ ಎಂದು.

ತಾಯಿಯ ಆತಂಕಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಶವಪರೀಕ್ಷೆ ವೈದ್ಯರ ಕೆಲಸ. ಎಂಬಿಬಿಎಸ್ ಮುಗಿಸಿ ನ್ಯಾಯವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಿದವರು ಅದನ್ನು ನೋಡಿಕೊಳ್ಳುತ್ತಾರೆ. ವಿಧಿವಿಜ್ಞಾನ ಪ್ರಯೋಗಾಲಯದ ಜೀವಶಾಸ್ತ್ರಜ್ಞರ ಎದುರಿಗೆ ಬರುವುದು ಸೀಲು ಹಾಕಿದ ಪೊಟ್ಟಣ. ಅದರೊಳಗೆ ರಕ್ತದ ಕಲೆ, ವೀರ್ಯ, ಎಂಜಲು, ಕೂದಲು, ಮೂಳೆಯ ಚೂರು, ಒಮ್ಮೊಮ್ಮೆ ಎಲೆ, ಹುಳು, ಮಣ್ಣು. ಇದು ಯಾವ ಜೀವಿಯದು, ಯಾರದು ಎಂದು ಹೇಳುವುದು ಅವರ ಕೆಲಸ. ಮಡಿವಾಳದಲ್ಲಿರುವ ರಾಜ್ಯ ಪ್ರಯೋಗಾಲಯದ ಹೆಸರು ಟಿವಿಯಲ್ಲಿ ಕೇಳಿರುತ್ತೀರಿ. ನಮ್ಮ ದಾವಣಗೆರೆಯಲ್ಲೂ ಒಂದು ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. 2020ರ ಜುಲೈನಲ್ಲಿ 11–12 ಕಿಲೋಮೀಟರ್ ಓಡಿ ಕೊಲೆ ಆರೋಪಿಯ ಜಾಡು ಹಿಡಿದ ನಮ್ಮ ಜಿಲ್ಲಾ ಪೊಲೀಸರ ಡಾಬರ್‌ಮನ್ ‘ತುಂಗಾ’ ಊರಿಗೆಲ್ಲ ಗೊತ್ತು, ಈ ಪ್ರಯೋಗಾಲಯ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ನಾಯಿ ಪೊಲೀಸರಿಗೆ ದಾರಿ ತೋರಿಸುತ್ತದೆ. ನ್ಯಾಯಾಲಯದಲ್ಲಿ ನಿಲ್ಲುವ ಮಾತನ್ನು ಪ್ರಯೋಗಾಲಯದವರೇ ಹೇಳಬೇಕು.

ಆ ಮಾತು ಎಷ್ಟು ಕಷ್ಟದ್ದು ಎಂಬುದಕ್ಕೆ ನಮ್ಮ ಹೊಳೆಯನ್ನೇ ತೆಗೆದುಕೊಳ್ಳಿ. ಹರಿಹರದ ಸೇತುವೆ ಕೆಳಗೋ, ಭದ್ರಾ ನಾಲೆಯ ತೂಬಿನ ಹತ್ತಿರವೋ ಅಪರಿಚಿತ ಶವ ಸಿಕ್ಕಿತೆಂಬ ಸಣ್ಣ ಸುದ್ದಿ ಈ ಭಾಗದವರಿಗೆ ಹೊಸದಲ್ಲ. ನೀರಿಗೆ ಬಿದ್ದು ಸತ್ತರೋ, ಸತ್ತ ಮೇಲೆ ನೀರಿಗೆ ಹಾಕಿದರೋ? ದೇಹ ಕೊಳೆತು ಉಬ್ಬಿದ್ದರೆ ಶವಪರೀಕ್ಷೆಯಲ್ಲೂ ಇದು ಸುಲಭಕ್ಕೆ ತಿಳಿಯುವುದಿಲ್ಲ. ಆಗ ಡಯಾಟಂ ಪರೀಕ್ಷೆಗೆ ಕಳಿಸುತ್ತಾರೆ. ಡಯಾಟಂ ಎಂದರೆ ಹೊಳೆ, ಕೆರೆ, ನಾಲೆಯ ನೀರಿನಲ್ಲಿ ಬರಿಗಣ್ಣಿಗೆ ಕಾಣದೆ ಬದುಕುವ ಪಾಚಿ ಜಾತಿಯ ಜೀವಿ. ಅದರ ಹೊರಕವಚ ಸಿಲಿಕಾದ್ದು. ಜೀವ ಇರುವ ಮನುಷ್ಯ ಮುಳುಗುವಾಗ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ, ಹೃದಯ ಇನ್ನೂ ಬಡಿಯುತ್ತಿರುವುದರಿಂದ ಈ ಸೂಕ್ಷ್ಮ ಕವಚಗಳು ರಕ್ತದ ಜೊತೆ ಹರಿದು ಮೂಳೆಯ ಮಜ್ಜೆಯವರೆಗೂ ಹೋಗಿ ಸೇರುತ್ತವೆ. ಹೃದಯ ನಿಂತ ಮೇಲೆ ನೀರಿಗೆ ಹಾಕಿದ ದೇಹದಲ್ಲಿ ಅವು ಮಜ್ಜೆಯವರೆಗೆ ತಲುಪುವುದಿಲ್ಲ.

ಪ್ರಯೋಗಾಲಯದಲ್ಲಿ ಎದೆಮೂಳೆಯನ್ನೋ ತೊಡೆಮೂಳೆಯನ್ನೋ ಹೊರಗಿನಿಂದ ಚೆನ್ನಾಗಿ ತೊಳೆದು, ಸೀಳಿ, ಒಳಗಿನ ಮಜ್ಜೆಯನ್ನು ತೆಗೆಯುತ್ತಾರೆ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದರೆ ಮಜ್ಜೆಯೆಲ್ಲ ಕರಗಿಹೋಗುತ್ತದೆ, ಸಿಲಿಕಾ ಕರಗುವುದಿಲ್ಲ. ಉಳಿದ ದ್ರವವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತ ಮಸುಕು ಪುಡಿಯ ಒಂದು ಹನಿಯನ್ನು ಗಾಜಿನ ಪಟ್ಟಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೆಲವು ದೋಣಿಯ ಆಕಾರ, ಕೆಲವು ಚಕ್ರದ ಆಕಾರ, ಮೈಮೇಲೆ ಅಚ್ಚು ಹಾಕಿದಂತೆ ಸಣ್ಣ ಗೆರೆ. ಅದೇ ಜಾಗದ ನೀರಿನ ಮಾದರಿಯನ್ನೂ ಹೀಗೇ ನೋಡಿ, ಎರಡರಲ್ಲೂ ಇರುವ ಜಾತಿಗಳು ಹೊಂದುತ್ತವೆಯೇ ಎಂದು ತಾಳೆ ಹಾಕಬೇಕು. ಹೊಳೆಯ ನೀರನ್ನು ಬಾಟಲಿಯಲ್ಲಿ ತುಂಬಿ ಕಳಿಸುವುದನ್ನು ಮರೆತರೆ ತಾಳೆ ಹಾಕಲು ಏನೂ ಇರುವುದಿಲ್ಲ. ನಾಲೆಯ ವಿಷಯದಲ್ಲಿ ತೊಡಕು ಇನ್ನೂ ಜಾಸ್ತಿ. ಶವ ಸಿಕ್ಕ ಜಾಗ ಒಂದು, ಬಿದ್ದ ಜಾಗ ಎಷ್ಟೋ ಮೈಲಿ ಮೇಲೆ.

ಇಷ್ಟೆಲ್ಲ ಮಾಡಿದ ಮೇಲೂ ಅನುಭವಿ ವಿಜ್ಞಾನಿ ಏನು ಬರೆಯುತ್ತಾರೆ? ಡಯಾಟಂಗಳು ಕಂಡುಬಂದಿವೆ, ನೀರಿನ ಮಾದರಿಗೆ ಹೋಲುತ್ತವೆ, ಮುಳುಗಿ ಸತ್ತಿರುವ ಸಾಧ್ಯತೆಗೆ ಇದು ಪೂರಕ. ಅಷ್ಟೇ. ಪರೀಕ್ಷೆಗೆ ಬಳಸಿದ ಪಾತ್ರೆಯನ್ನು ನಲ್ಲಿ ನೀರಿನಲ್ಲಿ ತೊಳೆದರೂ ಡಯಾಟಂ ಬಂದು ಸೇರಬಹುದು. ನಿಜವಾಗಿ ಮುಳುಗಿ ಸತ್ತವರ ಮಜ್ಜೆಯಲ್ಲೂ ಕೆಲವೊಮ್ಮೆ ಒಂದೂ ಸಿಗದೇ ಹೋಗಬಹುದು. ತಾನೇ ಹಾರಿದರೋ, ಯಾರಾದರೂ ತಳ್ಳಿದರೋ ಎಂಬುದಕ್ಕೆ ಈ ಪರೀಕ್ಷೆಯಲ್ಲಿ ಉತ್ತರವೇ ಇಲ್ಲ. ಹೆತ್ತವರು ಹೊರಗೆ ಕಾಯುತ್ತಿರುತ್ತಾರೆ, ತನಿಖಾಧಿಕಾರಿಗೆ ದೋಷಾರೋಪ ಪಟ್ಟಿ ಹಾಕುವ ಅವಸರ ಇರುತ್ತದೆ, ವರದಿಗಾರರಿಗೆ ತಲೆಬರಹ ಬೇಕು. ಅಂಥ ಒತ್ತಡದ ನಡುವೆ ‘ಇಷ್ಟೇ ಹೇಳಬಲ್ಲೆ’ ಎಂದು ನಿಲ್ಲುವವರೇ ನನ್ನ ದೃಷ್ಟಿಯಲ್ಲಿ ಈ ವೃತ್ತಿಗೆ ತಕ್ಕವರು. ಯಂತ್ರ ನಡೆಸುವುದನ್ನು ಕಲಿಸಬಹುದು, ಈ ಸಂಯಮ ಕಲಿಸುವುದು ಕಷ್ಟ.

ಮಚ್ಚಿನ ಮೇಲಿನ ಕಲೆಯ ಕಥೆಯೂ ಹೀಗೇ. ಸೋಸುಕಾಗದದಲ್ಲಿ ಕಲೆಯನ್ನು ಮೆಲ್ಲಗೆ ಒರೆಸಿ, ಫೀನಾಲ್ಫ್ತಲೀನ್ ದ್ರಾವಣದ ಒಂದು ಹನಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್‌ನ ಒಂದು ಹನಿ ಹಾಕಿದರೆ ಕೆಲವೇ ಕ್ಷಣದಲ್ಲಿ ಗುಲಾಬಿ ಬಣ್ಣ ಏಳುತ್ತದೆ. ಆದರೆ ಇದು ರಕ್ತ ಇರಬಹುದು ಎನ್ನುವ ಸೂಚನೆ ಮಾತ್ರ. ಕೆಲವು ತರಕಾರಿಗಳ ರಸಕ್ಕೂ ಈ ಬಣ್ಣ ಬರುತ್ತದೆ. ರಕ್ತವೇ ಹೌದು ಎಂದು ಇನ್ನೊಂದು ಪರೀಕ್ಷೆಯಲ್ಲಿ ಖಚಿತವಾಗಬೇಕು, ಮನುಷ್ಯರದೋ ಕೋಳಿ ಕುರಿಯದೋ ಎಂದು ಮತ್ತೊಂದರಲ್ಲಿ. ಆಮೇಲೆ ಡಿಎನ್‌ಎ. ನಮ್ಮ ವರ್ಣತಂತುಗಳ ಕೆಲವು ಜಾಗಗಳಲ್ಲಿ ನಾಲ್ಕೇ ಅಕ್ಷರದ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ 11 ಸಲ, ಇನ್ನೊಬ್ಬರಲ್ಲಿ 14 ಸಲ. ಇಂಥ ಇಪ್ಪತ್ತು ಜಾಗಗಳ ಎಣಿಕೆ ಒಟ್ಟಿಗೆ ಹೊಂದಿದರೆ, ತದ್ರೂಪಿ ಅವಳಿಗಳನ್ನು ಬಿಟ್ಟು, ಇಬ್ಬರು ಬೇರೆ ಬೇರೆ ವ್ಯಕ್ತಿಗಳಲ್ಲಿ ಅದು ಹೊಂದುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದೂ ಡಿಎನ್‌ಎ ‘ಯಾರದು’ ಎಂದು ಹೇಳುತ್ತದೆಯೇ ಹೊರತು ‘ಯಾವಾಗ ಬಂತು, ಹೇಗೆ ಬಂತು’ ಎಂದು ಹೇಳುವುದಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಸೀಲು ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಪ್ರಯೋಗಾಲಯ ತಲುಪುವ ಹೊತ್ತಿಗೆ ಡಿಎನ್‌ಎ ಹಾಳಾಗಿರುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಅತ್ಯಾಚಾರ ಪ್ರಕರಣದಲ್ಲಿ ದೋಷಿ ಎಂದು ತೀರ್ಮಾನಿಸಿದಾಗ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಗಿದ್ದದ್ದು ವರ್ಷಗಳ ಹಿಂದಿನ ಒಂದು ಸೀರೆ, ಅದರ ಮೇಲೆ ಉಳಿದಿದ್ದ ಡಿಎನ್‌ಎ. ಮನೆಗೆಲಸದ ಹೆಣ್ಣುಮಗಳೊಬ್ಬಳ ಮಾತಿಗೆ ಆ ಬಟ್ಟೆ ಆಸರೆಯಾಗಿ ನಿಂತಿತು. ಈ ವಿಜ್ಞಾನ ಯಾರಿಗಾಗಿ ಇದೆ ಎಂದು ಕೇಳಿದರೆ ನಾನು ಈ ಪ್ರಕರಣವನ್ನು ತೋರಿಸುತ್ತೇನೆ.

ಭಾರತದಲ್ಲಿ ಡಿಎನ್‌ಎ ಪರೀಕ್ಷೆಯನ್ನು ನ್ಯಾಯಾಲಯಕ್ಕೆ ತಂದವರು ಹಾವಿನ ಹಿಂದೆ ಹೋದ ವಿಜ್ಞಾನಿ ಎಂದರೆ ಮಕ್ಕಳು ಅಚ್ಚರಿಪಡುತ್ತಾರೆ. ಉತ್ತರ ಪ್ರದೇಶದ ಲಾಲ್‌ಜಿ ಸಿಂಗ್ ಹಾವುಗಳ ಲಿಂಗ ನಿರ್ಧಾರ ಹೇಗಾಗುತ್ತದೆ ಎಂದು ಅಧ್ಯಯನ ಮಾಡುತ್ತಿದ್ದವರು. ಪಟ್ಟೆ ಕಟ್ಟುಹಾವಿನಲ್ಲಿ ಕಂಡ ಮರುಕಳಿಸುವ ಡಿಎನ್‌ಎ ತುಣುಕನ್ನೇ ಮುಂದೆ ಹೈದರಾಬಾದಿನ ಸಿಸಿಎಂಬಿಯಲ್ಲಿ ಮನುಷ್ಯರ ಗುರುತು ಹಚ್ಚುವ ಸಾಧನವಾಗಿ ಬೆಳೆಸಿದರು. 1989ರಲ್ಲಿ ತಲಶ್ಶೇರಿಯ ನ್ಯಾಯಾಲಯದಲ್ಲಿ, ನಮ್ಮ ಕಾಸರಗೋಡಿನಿಂದ ಸ್ವಲ್ಪ ಕೆಳಗೆ, ಮಗುವಿನ ತಂದೆ ಯಾರು ಎಂಬ ವ್ಯಾಜ್ಯದಲ್ಲಿ ಅದು ದೇಶದಲ್ಲೇ ಮೊದಲ ಬಾರಿಗೆ ಸಾಕ್ಷ್ಯವಾಯಿತು. ಹೈದರಾಬಾದಿನಲ್ಲೇ ಇರುವ ಡಿಎನ್‌ಎ ಬೆರಳಚ್ಚು ಕೇಂದ್ರ ಸಿಡಿಎಫ್‌ಡಿಯಲ್ಲಿ ಹೆಸರು ಮಾಡಿದ ಕನ್ನಡಿಗ ಜವರೇಗೌಡ ನಾಗರಾಜು ಅವರು ರೇಷ್ಮೆ ಹುಳುವಿನ ತಳಿವಿಜ್ಞಾನಿಯಾಗಿದ್ದರು. ಆದ್ದರಿಂದ ‘ಫೊರೆನ್ಸಿಕ್’ ಎಂಬ ಹೆಸರಿರುವ ಪದವಿಯೇ ಬೇಕೆಂದು ಹಟ ಮಾಡುವ ಮಕ್ಕಳಿಗೆ ನಾನು ಹೇಳುವುದು, ಸಸ್ಯಶಾಸ್ತ್ರವೋ ಪ್ರಾಣಿಶಾಸ್ತ್ರವೋ ಸೂಕ್ಷ್ಮಜೀವಿ ವಿಜ್ಞಾನವೋ, ಒಂದನ್ನು ಬೇರುಮಟ್ಟ ಓದಿ. ಸಂಖ್ಯಾಶಾಸ್ತ್ರ ಬಿಡಬೇಡಿ.

ಇನ್ನು ದೇಶದ ಭದ್ರತೆಯ ಪ್ರಶ್ನೆ. ಅದರಲ್ಲಿ ಮೊದಲನೆಯದು ದುರಂತಗಳಲ್ಲಿ ಸತ್ತವರ ಗುರುತು ಹಚ್ಚುವ ಕೆಲಸ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ಸತ್ತರು, ಅವರಲ್ಲಿ ಕಾಸರಗೋಡಿನವರು ಬಹಳ. ಸುಟ್ಟು ಕರಕಲಾದ ದೇಹಗಳನ್ನು ಉಂಗುರ, ಬಟ್ಟೆಯ ಚೂರು ನೋಡಿ ಗುರುತು ಹಿಡಿದು ಒಯ್ದವರಿದ್ದರು. ಉಳಿದವುಗಳ ಮಾದರಿ ಸಿಡಿಎಫ್‌ಡಿಗೆ ಹೋಯಿತು. ಕೊನೆಗೂ 12 ದೇಹಗಳು ಕಾಯುತ್ತಿದ್ದ ಯಾವ ಕುಟುಂಬಕ್ಕೂ ಹೊಂದಲಿಲ್ಲ. ಕೂಳೂರಿನ ಬಳಿ ಅವನ್ನು ಒಟ್ಟಿಗೆ ಮಣ್ಣು ಮಾಡಿದರು. ಅವಸರದಲ್ಲಿ ಒಂದು ದೇಹ ತಪ್ಪು ಮನೆಗೆ ಹೋದರೆ ಇನ್ನೊಂದು ಮನೆ ಬರಿಗೈಯಲ್ಲಿ ಉಳಿಯುತ್ತದೆ. ಯುದ್ಧ, ಬಾಂಬು ಸ್ಫೋಟ, ಪ್ರವಾಹ, ಎಲ್ಲದರಲ್ಲೂ ಈ ಕೆಲಸ ಇದೆ.

ಆದರೆ ಭದ್ರತೆಯ ಜೀವಶಾಸ್ತ್ರ ಎಂದರೆ ಏನೆಂದು ನಿಜವಾಗಿ ತಿಳಿಯಬೇಕಾದರೆ ಅಮೆರಿಕಕ್ಕೆ ಹೋಗುವ ಅಗತ್ಯವಿಲ್ಲ, ದಾವಣಗೆರೆಯಿಂದ ಎರಡು ಮೂರು ತಾಸಿನ ಹಾದಿಯ ಸೊರಬದವರೆಗೆ ಹೋದರೆ ಸಾಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ. ಮಂಗನ ಕಾಯಿಲೆ ಎಂದು ನಾವು ಕರೆಯುವುದು ಇದನ್ನೇ. ಏಷ್ಯಾದಲ್ಲಿ ಎಂದೂ ಇರದಿದ್ದ ಹಳದಿ ಜ್ವರ ಬಂತೇನೋ ಎಂಬ ದಿಗಿಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹೊಸದು, ಉಣುಗಿನಿಂದ ಹರಡುವಂಥದ್ದು, ರಷ್ಯಾದ ಮಿದುಳು ಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ್ದು. ಸೈಬೀರಿಯಾ ಕಡೆಯ ರೋಗದ ನೆಂಟ ಮಲೆನಾಡಿಗೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನಿಂದಲೇ? ಅದನ್ನು ತಿಳಿಯಲೆಂದು ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ಇಳಿಯಿತು. ಮುಂದೆ ಆ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣ ಬಂದದ್ದು ಬಯಲಾಗಿ, 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ವಿಚಾರಣೆ ಹೋಯಿತು. ಶೀತಲ ಸಮರದ ಆ ಕಾಲದಲ್ಲಿ ರೋಗಾಣು ಯುದ್ಧದ ಗುಮಾನಿ ಮಲೆನಾಡಿನ ಹಕ್ಕಿಯ ಕಾಲುಂಗುರದವರೆಗೆ ಬಂದು ನಿಂತಿತ್ತು.

ಗುಮಾನಿಗೆ ಉತ್ತರ ಕೊಟ್ಟದ್ದು ತಾಳ್ಮೆಯ ವಿಜ್ಞಾನ. ವೈರಸ್ಸಿನ ಅನುಕ್ರಮ ಓದುವ ಕಾಲ ಬಂದಾಗ, ಮಂಗನ ಕಾಯಿಲೆಯ ವೈರಸ್ಸಿಗೆ ಅತ್ಯಂತ ಹತ್ತಿರದ ಸಂಬಂಧಿ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ ಎಂದು ಗೊತ್ತಾಯಿತು, ರಷ್ಯಾದ್ದಲ್ಲ. ಕಾಡು ಕಡಿದು ಗದ್ದೆ ಮಾಡಿದ್ದು, ಕಾಡಂಚಿಗೆ ದನ ಮೇಯಲು ಹೋದದ್ದು ಉಣುಗನ್ನು ಮನುಷ್ಯರ ಹತ್ತಿರ ತಂದಿತು ಎಂಬುದೇ ಇಂದಿಗೂ ಗಟ್ಟಿಯಾಗಿ ನಿಂತಿರುವ ವಿವರಣೆ. ಅಮೆರಿಕ ಇದೇ ವೈರಸ್ಸನ್ನು ತನ್ನ ಕಟ್ಟುನಿಟ್ಟಿನ ನಿಗಾದ ರೋಗಾಣುಗಳ ಪಟ್ಟಿಗೆ ಸೇರಿಸಿತು. ರೋಗ ತಾನಾಗಿ ಬಂತೋ, ಯಾರಾದರೂ ಬಿಟ್ಟರೋ ಎಂಬ ಈ ಒಂದು ಪ್ರಶ್ನೆಯ ಸುತ್ತಲೇ ಸೂಕ್ಷ್ಮಜೀವಿ ವಿಧಿವಿಜ್ಞಾನ ಎಂಬ ಶಾಖೆ ಇಂದು ಬೆಳೆದಿದೆ.

ಆ ಶಾಖೆಗೆ ಹೆಸರು ಬಂದದ್ದು 2001ರಲ್ಲಿ. ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಬಂತು, 5 ಜನ ಸತ್ತರು, 17 ಜನ ಕಾಯಿಲೆ ಬಿದ್ದರು. ಆಂಥ್ರಾಕ್ಸ್ ನಮ್ಮ ಕುರಿಗಾರರಿಗೆ ಗೊತ್ತಿಲ್ಲದ್ದಲ್ಲ. ಅವರು ಅದನ್ನು ನೆರಡಿ ರೋಗ ಎನ್ನುತ್ತಾರೆ, ಹೆಬ್ಬಾಳದ ಸಂಸ್ಥೆಯಲ್ಲಿ ಅದಕ್ಕೆ ಲಸಿಕೆ ತಯಾರಾಗುತ್ತದೆ. ಲಕೋಟೆಯ ರೋಗಾಣುವಿನ ತಳಿ ಯಾವುದೆಂದು ಪಾಲ್ ಕೈಮ್ ಎಂಬ ವಿಜ್ಞಾನಿಯ ಪ್ರಯೋಗಾಲಯ ಪತ್ತೆ ಮಾಡಿತು. 1981ರಲ್ಲಿ ಟೆಕ್ಸಾಸ್‌ನಲ್ಲಿ ಸತ್ತ ಒಂದು ಹಸುವಿನಿಂದ ಬಂದು, ಅಮೆರಿಕದ ಸೇನಾ ಪ್ರಯೋಗಾಲಯದಲ್ಲೇ ಬೆಳೆಸಿಕೊಂಡು ಬಂದಿದ್ದ ತಳಿ ಅದು. ಎಫ್‌ಬಿಐನಲ್ಲಿ ಕೊಲೆ, ಅತ್ಯಾಚಾರ ಪ್ರಕರಣಗಳ ಡಿಎನ್‌ಎ ಪದ್ಧತಿಗಳನ್ನು ರೂಪಿಸಿದ್ದ ಬ್ರೂಸ್ ಬುಡೋಲ್ ಈ ಹೊಸ ಶಾಖೆಗೂ ನಿಯಮಾವಳಿ ಹಾಕಿಕೊಡುವವರ ಮುಂಚೂಣಿಯಲ್ಲಿದ್ದರು. ಬಟ್ಟೆಯ ಕಲೆಯನ್ನು ಶಿಸ್ತಾಗಿ ನೋಡಿ ಕಲಿತ ಕೈಗೆ ದೇಶದ ಭದ್ರತೆಯ ಕೆಲಸವೂ ಒಗ್ಗಿತು. ಅಲ್ಲಿ ಬೇಕಾದದ್ದೂ ಅದೇ ಸೀಲು, ಅದೇ ದಾಖಲೆ, ಅದೇ ಅನುಮಾನ. ತನಿಖೆ ಕೊನೆಗೆ ಸೇನಾ ಪ್ರಯೋಗಾಲಯದ ಒಬ್ಬ ವಿಜ್ಞಾನಿಯತ್ತ ಬೆರಳು ಮಾಡಿತು, 2008ರಲ್ಲಿ ಆತ ಪ್ರಾಣ ಕಳೆದುಕೊಂಡ, ವಿಚಾರಣೆ ನಡೆಯಲೇ ಇಲ್ಲ. 2011ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಕಡತಗಳನ್ನು ನೋಡಿ, ವಿಜ್ಞಾನದ ಸಾಕ್ಷ್ಯ ಒಂದರಿಂದಲೇ ರೋಗಾಣುವಿನ ಮೂಲವನ್ನು ಖಚಿತವಾಗಿ ಹೇಳಲು ಬರುವುದಿಲ್ಲ ಎಂದಿತು. ಇಡೀ ದೇಶ ಉತ್ತರಕ್ಕೆ ಕಾದಿದ್ದಾಗ ಹಾಗೆ ಬರೆಯಲು ಧೈರ್ಯ ಬೇಕು.

ವಿಜ್ಞಾನದ ಹೆಸರಿನಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆಯನ್ನು ನಮ್ಮ ರಾಜ್ಯದಲ್ಲಿ ನ್ಯಾಯಾಲಯವೇ ಎಳೆಯಬೇಕಾಯಿತು. ಸಂಶಯಿತರಿಗೆ ಮದ್ದು ಚುಚ್ಚಿ ಬಾಯಿ ಬಿಡಿಸುವ ಮಂಪರು ಪರೀಕ್ಷೆಗೆ ಒಂದು ಕಾಲದಲ್ಲಿ ಬೆಂಗಳೂರು ದೇಶಕ್ಕೆಲ್ಲ ಹೆಸರುವಾಸಿಯಾಗಿತ್ತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಅದು ಸರಿಯಾದ ತೀರ್ಪು. ಮಂಪರಿನಲ್ಲಿ ತೊದಲಿದ ಮಾತನ್ನು ಮತ್ತೊಬ್ಬರು ಪರೀಕ್ಷಿಸಿ ನೋಡಲು ಆಗುವುದಿಲ್ಲ. ಲಕೋಟೆಯಲ್ಲಿ ಉಳಿದ ಅರ್ಧ ಕಲೆಯನ್ನು ಇನ್ನೊಂದು ಪ್ರಯೋಗಾಲಯ ಮತ್ತೆ ನೋಡಬಹುದು.

‘ಸ್ಕೋಪ್’ ಕೇಳಿದ ತಂದೆಗೆ ಕೊನೆಗೆ ಬರುತ್ತೇನೆ. ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಅದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷ ಕಾಲಾವಕಾಶ ಇದೆ. ಕರ್ನಾಟಕದಲ್ಲಿ ‘ಸೋಕೊ’ ಎಂದು ಕರೆಯುವ ಅಪರಾಧ ಸ್ಥಳ ತಪಾಸಣಾ ಅಧಿಕಾರಿಗಳ ಹುದ್ದೆಗಳು ಹುಟ್ಟಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧ ಮತ್ತು ವಿಧಿವಿಜ್ಞಾನದ ಹಳೆಯ ವಿಭಾಗ ಇದೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವೂ ಧಾರವಾಡಕ್ಕೆ ಬಂದಿದೆ. ರಕ್ಷಣಾ ಕ್ಷೇತ್ರವೇ ಬೇಕೆನ್ನುವವರಿಗೆ ಮೈಸೂರಿನ ಡಿಐಬಿಟಿ (ಹಿಂದಿನ ಡಿಎಫ್‌ಆರ್‌ಎಲ್), ಗ್ವಾಲಿಯರ್‌ನ ಡಿಆರ್‌ಡಿಇಯಂಥ ಡಿಆರ್‌ಡಿಒ ಪ್ರಯೋಗಾಲಯಗಳಿವೆ. ಅಲ್ಲಿಗೆ ಸ್ನಾತಕೋತ್ತರ ಪದವಿ, ಸಂಶೋಧನೆ ಬೇಕು, ಸ್ಪರ್ಧೆ ಬಿಗಿ. ಹುದ್ದೆಗಳ ಜೊತೆಗೆ ಕಾನೂನೂ ಬೆಳೆಯಬೇಕಿತ್ತು, ಬೆಳೆದಿಲ್ಲ. ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆಯನ್ನು ಕೇಂದ್ರ 2023ರಲ್ಲಿ ಹಿಂದಕ್ಕೆ ಪಡೆಯಿತು. ನಮ್ಮ ಜೈವಿಕ ಮಾದರಿ ಯಾರ ಬಳಿ, ಎಷ್ಟು ಕಾಲ, ಯಾವ ಕಾವಲಿನಲ್ಲಿ ಇರಬೇಕು ಎಂಬುದಕ್ಕೆ ಒಂದು ಸಮಗ್ರ ಕಾಯ್ದೆ ಆದಷ್ಟು ಬೇಗ ಬರಬೇಕು.

ಪ್ರಯೋಗಾಲಯದ ವಿಜ್ಞಾನಿಯನ್ನು ಸಾಕ್ಷಿ ಕಟಕಟೆಯಲ್ಲಿ ನಾನು ನೋಡಿದ್ದೇನೆ. ಸರ್ಕಾರಿ ವಕೀಲರು ‘ಹಾಗಾದರೆ ಇದು ಸತ್ತವನದೇ ರಕ್ತ ಅಲ್ಲವೇ’ ಎಂದರು. ಮನುಷ್ಯರ ರಕ್ತ, ಗುಂಪು ಇಂಥದ್ದು, ಅಷ್ಟು ಮಾತ್ರ ಈ ಪರೀಕ್ಷೆಯಿಂದ ಹೇಳಬಹುದು ಎಂದು ಆಕೆ ಉತ್ತರಿಸಿದರು. ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು ‘ಸತ್ತವನದಲ್ಲ ಎಂದೂ ಹೇಳಬಹುದಲ್ಲ’ ಎಂದು ಎಳೆದರು. ಹಾಗೂ ಹೇಳಲು ಬರುವುದಿಲ್ಲ ಎಂದರು. ಎರಡೂ ಕಡೆಯವರಿಗೆ ಆ ಉತ್ತರ ಹಿಡಿಸಲಿಲ್ಲ. ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿಕೊಂಡರು.

ಹಾಗಾಗಿ ಕಾಲೇಜಿನ ಅರ್ಜಿ ತುಂಬುವ ಮೊದಲು ಮಕ್ಕಳನ್ನು ಒಂದು ದಿನ ದಾವಣಗೆರೆಯ ನ್ಯಾಯಾಲಯಕ್ಕೆ ಕರೆದುಕೊಂಡು ಹೋಗಿ. ಗೌಪ್ಯ ವಿಚಾರಣೆಗಳನ್ನು ಬಿಟ್ಟರೆ ತೆರೆದ ನ್ಯಾಯಾಲಯದಲ್ಲಿ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು. ತಜ್ಞ ಸಾಕ್ಷಿಯ ಪಾಟೀಸವಾಲು ಇರುವ ದಿನ ಯಾವುದೆಂದು ಪರಿಚಯದ ವಕೀಲರನ್ನು ವಿಚಾರಿಸಿ. ಅದನ್ನು ಕೇಳಿ ಬಂದ ಮೇಲೂ ಇದೇ ಓದು ಬೇಕು ಎಂದರೆ ನಿಶ್ಚಿಂತೆಯಿಂದ ಸೇರಿಸಿ.